ಹಠಾತ್ ಮೂತ್ರಪಿಂಡ ಹಾನಿ: ದೇಹದ ಚಯಾಪಚಯದಲ್ಲಾಗುವ ಏರುಪೇರು

ನೆಟ್ಟಗೆ ಕೆಲಸ ಮಾಡಿಕೊಂಡಿದ್ದ ಮೂತ್ರಪಿಂಡಗಳು ಕೆಲವು ಗಂಟೆಗಳಲ್ಲೋ ಕೆಲವು ದಿನಗಳಲ್ಲೋ ಕೈಕೊಡುವುದನ್ನು ಹಠಾತ್ ಮೂತ್ರಪಿಂಡ ಹಾನಿ ಎನ್ನುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ವರ್ಷಗಟ್ಟಲೆ ಮೆಲ್ಲಗೆ ಸವೆಯುವ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಬೇರೆ, ಇದು ಬೇರೆ. ಇದರಲ್ಲಿ ಸಾವು ಬೇಗ ಬರಬಹುದು. ಆದರೆ ವೇಳೆಗೆ ಸರಿಯಾಗಿ ಆರೈಕೆ ಸಿಕ್ಕವರಲ್ಲಿ ಅನೇಕರ ಮೂತ್ರಪಿಂಡ ಮತ್ತೆ ಕೆಲಸಕ್ಕೆ ಮರಳುತ್ತದೆ. 2012ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಲಕ್ಷಣನಿರೂಪಣೆಯಂತೆ ಮೂರರಲ್ಲಿ ಒಂದು ಕಂಡರೂ ಸಾಕು: 48 ಗಂಟೆಯೊಳಗೆ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸ ಡೆಸಿಲೀಟರಿಗೆ 0.3 ಮಿಲಿಗ್ರಾಂನಷ್ಟು ಏರುವುದು, ಏಳು ದಿನದೊಳಗೆ ಮೊದಲಿದ್ದುದರ ಒಂದೂವರೆ ಪಟ್ಟಾಗುವುದು, ಇಲ್ಲವೇ ಆರು ಗಂಟೆ ಕಾಲ ಮೂತ್ರದ ಪ್ರಮಾಣ ದೇಹತೂಕದ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರಿಗಿಂತ ಕೆಳಗಿಳಿಯುವುದು. 60 ಕಿಲೋ ತೂಕದ ರೈತನೊಬ್ಬ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ ಒಂದು ಲೋಟದಷ್ಟೂ ಮೂತ್ರ ಮಾಡಿಲ್ಲವೆಂದರೆ ಅನುಮಾನ ಪಡಬೇಕೆಂದು ಇದರರ್ಥ.

ಕಸ ಸೋಸುವ ಅಂಗವೆಂದೇ ಮೂತ್ರಪಿಂಡವನ್ನು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ಸತ್ಯ. ಮೂತ್ರಪಿಂಡ ಸಕ್ಕರೆ ತಯಾರಿಸುತ್ತದೆ, ಇನ್ಸುಲಿನ್ ಒಡೆಯುತ್ತದೆ, ಅಮೈನೋ ಆಮ್ಲಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತದೆ, ಡಿ ಜೀವಸತ್ವವನ್ನು ಚುರುಕುಗೊಳಿಸುತ್ತದೆ, ರಕ್ತಕಣಗಳ ಹುಟ್ಟಿಗೆ ಬೇಕಾದ ಎರಿಥ್ರೋಪೊಯೆಟಿನ್ ಸುರಿಸುತ್ತದೆ. ಆದ್ದರಿಂದ ಅದು ನಿಂತಾಗ ಕಸ ಕೂಡಿಕೊಳ್ಳುವುದು ಕಣ್ಣಿಗೆ ಕಾಣುವ ತೊಂದರೆಯಷ್ಟೇ. ಇಡೀ ದೇಹ ಆಹಾರವನ್ನೂ ಶಕ್ತಿಯನ್ನೂ ಬಳಸುವ ರೀತಿಯೇ ಬದಲಾಗುತ್ತದೆ.

ಬಿಳಿಕೆರೆ ಸುತ್ತಿನ ಸೀಮೆ ಮತ್ತು ಕಾರಣಗಳು

ಹಳ್ಳಿಗಾಡಿನಲ್ಲಿ ಈ ಕಾಯಿಲೆ ಹೇಗೆ ಬರುತ್ತದೆ ಎಂಬುದನ್ನು ಒಂದು ಸೀಮೆಯ ಮೂಲಕ ನೋಡೋಣ. ಮೈಸೂರು–ಹುಣಸೂರು ಹೆದ್ದಾರಿಯ ಮೇಲಿನ ಹೋಬಳಿ ಕೇಂದ್ರ ಬಿಳಿಕೆರೆ. ಕೆ.ಆರ್. ನಗರ, ಹಾಸನಗಳ ಕಡೆಗೆ ಬೇಲೂರಿನವರೆಗೂ ಹೋಗುವ ರಾಷ್ಟ್ರೀಯ ಹೆದ್ದಾರಿ ಕವಲೊಡೆಯುವುದು ಇಲ್ಲೇ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲ, ಎಚ್.ಡಿ. ಕೋಟೆಯ ಶುಂಠಿ–ಹತ್ತಿ ಮತ್ತು ನಾಗರಹೊಳೆ ಕಾಡಂಚಿನ ಹಾಡಿಗಳು, ಕೆ.ಆರ್. ನಗರದ ನಾಲೆ ಬಯಲಿನ ಭತ್ತದ ಗದ್ದೆ, ಈ ನಾಲ್ಕೂ ತಾಲ್ಲೂಕುಗಳ ದುಡಿಮೆ ನೆಲಕ್ಕೆ ಬಾಗಿ ಮಾಡುವಂಥದ್ದು. ನಗರದ ತೀವ್ರ ನಿಗಾ ಘಟಕಗಳಲ್ಲಿ ಈ ಕಾಯಿಲೆ ದೊಡ್ಡ ಶಸ್ತ್ರಚಿಕಿತ್ಸೆ, ಹೃದಯದ ತೊಂದರೆ, ಸೋಂಕಿನ ನಂಜುಗಳ ಬೆನ್ನಿಗೆ ಬರುತ್ತದೆ. ಹಳ್ಳಿಯಲ್ಲಿ ಅದು ಬರುವ ದಾರಿ ಬೇರೆ: ಕೊಳಕುಮಂಡಲದ ಕಡಿತ, ಇಲಿಜ್ವರ, ವಾಂತಿಭೇದಿ, ಹೊಟ್ಟೆಗಿಳಿದ ಕಳೆನಾಶಕ, ಹೆರಿಗೆ ಸಮಯದ ರಕ್ತಸ್ರಾವ, ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಂಡು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು. ಹಸಿ ಹೊಗೆಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ತಲೆಸುತ್ತು, ವಾಂತಿ ತರುತ್ತದೆ. ವಾಂತಿಯಿಂದ ನೀರಾರಿದ ದೇಹದ ಮೇಲೆ ನೋವಿನ ಮಾತ್ರೆಯೂ ಬಿದ್ದರೆ ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಪೆಟ್ಟು.

ಇವುಗಳಲ್ಲಿ ಕೊಳಕುಮಂಡಲದ್ದು ಪ್ರತ್ಯೇಕವಾಗಿ ಹೇಳಲೇಬೇಕಾದ ಕಥೆ. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಪಕ್ಕದ ಸೌದೆ ರಾಶಿ, ಹುಲ್ಲಿನ ಬಣವೆ, ಬದುವಿನ ಪೊದೆ, ಇಲಿ ಇರುವಲ್ಲೆಲ್ಲ ಈ ಹಾವಿರುತ್ತದೆ. ಇದರ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಹತ್ತನೆಯದನ್ನೂ ಐದನೆಯದನ್ನೂ ಒಮ್ಮೆಲೇ ಕೆರಳಿಸುತ್ತದೆ. ಸಣ್ಣ ನಾಳಗಳಲ್ಲಿ ಹೆಪ್ಪುಗಳು ಕೂರುತ್ತವೆ, ಹೆಪ್ಪಿಗೆ ಬೇಕಾದ ಫೈಬ್ರಿನೋಜನ್ ಖಾಲಿಯಾಗುತ್ತದೆ, ಆಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಆಸ್ಪತ್ರೆಯಲ್ಲಿ ಮೊದಲು ಮಾಡುವ ಪರೀಕ್ಷೆ ಇದನ್ನೇ ತೋರಿಸುತ್ತದೆ: ಒಣಗಿದ, ಶುಚಿಯಾದ ಗಾಜಿನ ಕೊಳವೆಗೆ ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಒಮ್ಮೆ ಓರೆ ಮಾಡಿ ನೋಡುತ್ತಾರೆ. ರಕ್ತ ನೀರಿನಂತೆ ಹರಿದರೆ ವಿಷ ಮೈಗೇರಿದೆ ಎಂದೇ ತಿಳಿಯಬೇಕು. ಅಷ್ಟರಲ್ಲಿ ರಕ್ತದೊತ್ತಡ ಕುಸಿದು, ಒಡೆದ ಕೆಂಪು ರಕ್ತಕಣದ ಹಿಮೋಗ್ಲೋಬಿನ್ನೂ ಸ್ನಾಯುವಿನ ಮಯೋಗ್ಲೋಬಿನ್ನೂ ಮೂತ್ರನಾಳಿಕೆಗಳಿಗೆ ಇಳಿದು, ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗಿರಬಹುದು. ಹೆಚ್ಚಿನವರಲ್ಲಿ ಸಾಯುವುದು ನಾಳಿಕೆಯ ಒಳಪದರದ ಕೋಶಗಳು. ಅವು ಮತ್ತೆ ಹುಟ್ಟುತ್ತವೆ. ಕೆಲವರಲ್ಲಿ ಮೂತ್ರಪಿಂಡದ ಹೊರಪದರವೇ ಸಾಯುತ್ತದೆ. ಅವರ ಮೂತ್ರಪಿಂಡ ಪೂರ್ತಿ ಮೊದಲಿನಂತಾಗುವುದು ಅಪರೂಪ.

ಭಾರತದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವಿನ ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ತಡವಾದರೂ ಸರಿಯಾದ ಹೆಜ್ಜೆ.

ಒಳಗೆ ಕಮರುವ ಉರುವಲು

ಹೃದಯ ಹೊರದೂಡುವ ರಕ್ತದಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಮೂತ್ರಪಿಂಡಕ್ಕೆ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಎರಡು ಲೀಟರ್ ಬಿಟ್ಟು ಉಳಿದುದನ್ನೆಲ್ಲ ನಾಳಿಕೆಗಳು ಮರಳಿ ಹೀರುತ್ತವೆ. ಸೋಡಿಯಂ ಎಳೆದುಕೊಳ್ಳುವ ಈ ಕೆಲಸಕ್ಕೆ ಅಪಾರ ಶಕ್ತಿ ಬೇಕು. ಮೊದಲ ಭಾಗದ ನಾಳಿಕೆಗಳು ಗ್ಲೂಕೋಸನ್ನು ತಾವು ಉರಿಸದೆ, ಮುಖ್ಯವಾಗಿ ಕೊಬ್ಬಿನಾಮ್ಲಗಳನ್ನು ಮೈಟೋಕಾಂಡ್ರಿಯಾಗಳಲ್ಲಿ ಉರಿಸಿ ಶಕ್ತಿ ಪಡೆಯುತ್ತವೆ. ಅದಕ್ಕೆ ಬಿಡುವಿಲ್ಲದೆ ಆಮ್ಲಜನಕ ಬೇಕು. ಮೂತ್ರಪಿಂಡದ ಒಳಭಾಗವೋ, ಆರೋಗ್ಯವಂತರಲ್ಲೂ ಆಮ್ಲಜನಕದ ಅಂಚಿನಲ್ಲೇ ಬದುಕುವಂಥದ್ದು. ರಕ್ತದ ಹರಿವು ಸ್ವಲ್ಪ ಕಡಿಮೆಯಾದರೂ ಮೊದಲು ಸೊರಗುವುದು ಅದೇ.

ಪೆಟ್ಟು ಬಿದ್ದ ನಾಳಿಕೆಯ ಕೋಶದಲ್ಲಿ ಮೈಟೋಕಾಂಡ್ರಿಯಾಗಳು ಊದಿ ಚೂರಾಗುತ್ತವೆ. ಕೊಬ್ಬು ಉರಿಸುವ ಕಿಣ್ವಗಳು ಇಳಿಯುತ್ತವೆ. ಉರಿಯದ ಕೊಬ್ಬು ಕೋಶದೊಳಗೆ ಹನಿಹನಿಯಾಗಿ ನಿಲ್ಲುತ್ತದೆ. ಶಕ್ತಿ ವಹಿವಾಟಿಗೆ ಅನಿವಾರ್ಯವಾದ ಎನ್‌ಎಡಿ ಎಂಬ ಸಹಕಿಣ್ವದ ತಯಾರಿಕೆಯೂ ಕುಗ್ಗುತ್ತದೆ. ಕೋಶ ಆಮ್ಲಜನಕವಿಲ್ಲದೆ ಗ್ಲೂಕೋಸ್ ಒಡೆಯುವ ಒರಟು ದಾರಿಗೆ ಹೊರಳಿದರೂ ಅದರಿಂದ ಸಿಗುವ ಶಕ್ತಿ ಸಾಲದು. ಕ್ರಿಯಾಟಿನಿನ್ ಏರುವ ಮೊದಲೇ ಇದೆಲ್ಲ ನಡೆದಿರುತ್ತದೆ. ಕ್ರಿಯಾಟಿನಿನ್ ಸ್ನಾಯುವಿನಲ್ಲಿ ಹುಟ್ಟಿ ನಿಧಾನಕ್ಕೆ ಕೂಡಿಕೊಳ್ಳುವ ವಸ್ತು. ಮೂತ್ರಪಿಂಡ ಪೂರ್ತಿ ನಿಂತರೂ ಅದು ದಿನಕ್ಕೆ ಡೆಸಿಲೀಟರಿಗೆ ಸುಮಾರು ಒಂದು ಮಿಲಿಗ್ರಾಂನಷ್ಟು ಮಾತ್ರ ಏರುತ್ತದೆ. ಮೊದಲ ದಿನದ ವರದಿ ‘ನಾರ್ಮಲ್’ ಎಂದು ಬಂತೆಂದು ಹಾವು ಕಚ್ಚಿದವರನ್ನು ಮನೆಗೆ ಕರೆದೊಯ್ಯಬಾರದು ಎನ್ನುವುದು ಇದಕ್ಕೇ.

ಪೊಟ್ಯಾಶಿಯಂ: ಮೊದಲು ಕೊಲ್ಲುವುದು

ರಕ್ತದಲ್ಲಿ ಯೂರಿಯಾ ಎಷ್ಟಾಯಿತು ಎಂದು ಮನೆಯವರು ಕೇಳುತ್ತಾರೆ. ವೈದ್ಯರ ಕಣ್ಣು ಮೊದಲು ಹೋಗುವುದು ಪೊಟ್ಯಾಶಿಯಂ ಮೇಲೆ. ದೇಹದ ಪೊಟ್ಯಾಶಿಯಂನಲ್ಲಿ ನೂರಕ್ಕೆ 98 ಪಾಲು ಕೋಶಗಳ ಒಳಗಿರುತ್ತದೆ. ಹೊರಗಿನ ದ್ರವದಲ್ಲಿರುವುದು ಸುಮಾರು 65–70 ಮಿಲಿಮೋಲ್ ಮಾತ್ರ. ಒಂದು ಕಿಲೋ ಸ್ನಾಯುವಿನ ಒಳಗೇ ಸುಮಾರು 100 ಮಿಲಿಮೋಲ್ ಇದೆ. ವಿಷದಿಂದಲೋ ಜಜ್ಜುಗಾಯದಿಂದಲೋ ಸ್ವಲ್ಪ ಸ್ನಾಯು ಸತ್ತರೂ ಹೊರಗಿನ ಪ್ರಮಾಣ ಎಲ್ಲಿಗೇರೀತು ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕಾದದ್ದು ಆರೂವರೆ ದಾಟಿದರೆ ಹೃದಯದ ಬಡಿತ ಯಾವ ಕ್ಷಣದಲ್ಲಾದರೂ ತಪ್ಪಬಹುದು. ಇಸಿಜಿ ಕಾಗದದ ಮೇಲೆ ಟಿ ಅಲೆ ಚೂಪಾಗಿ ನಿಲ್ಲುತ್ತದೆ, ಆಮೇಲೆ ಕ್ಯೂಆರ್‌ಎಸ್ ಅಗಲವಾಗುತ್ತದೆ, ಕೊನೆಗೆ ಎಲ್ಲ ಕಲಸಿ ಒಂದೇ ಉದ್ದನೆಯ ಏರಿಳಿತವಾಗುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ನರದೊಳಗೆ ಕೊಟ್ಟು ಹೃದಯವನ್ನು ಕಾಯುತ್ತಾರೆ. ಗ್ಲೂಕೋಸಿನ ಜೊತೆ ಇನ್ಸುಲಿನ್ ಕೊಟ್ಟು ಪೊಟ್ಯಾಶಿಯಮನ್ನು ತಾತ್ಕಾಲಿಕವಾಗಿ ಕೋಶದೊಳಕ್ಕೆ ತಳ್ಳುತ್ತಾರೆ. ದೇಹದಿಂದ ಹೊರಹಾಕುವುದು ಮಾತ್ರ ಮೂತ್ರದಿಂದ, ಮಲದಿಂದ, ಇಲ್ಲವೇ ಡಯಾಲಿಸಿಸ್‌ನಿಂದಲೇ ಆಗಬೇಕು.

ಕಾಯಿಲೆಯವರನ್ನು ನೋಡಲು ಬರುವವರ ಕೈಯಲ್ಲಿ ಎಳನೀರು ಇರುವುದು ನಮ್ಮ ಕಡೆ ವಾಡಿಕೆ. ‘ಉಷ್ಣ ಆಗಿದೆ, ಅದಕ್ಕೇ ಉಚ್ಚೆ ಕಟ್ಟಿದೆ, ತಂಪಿಗೆ ಕುಡಿಸಿ’ ಎಂದು ಪ್ರೀತಿಯಿಂದಲೇ ಕೊಡುತ್ತಾರೆ. ಕಾಯಿಯ ಗಾತ್ರ ನೋಡಿಕೊಂಡು ಒಂದು ಎಳನೀರಿನಲ್ಲಿ ಸುಮಾರು 500ರಿಂದ 700 ಮಿಲಿಗ್ರಾಂ ಪೊಟ್ಯಾಶಿಯಂ ಇರುತ್ತದೆ, ಒಂದು ಬಾಳೆಹಣ್ಣಿಗಿಂತ ಹೆಚ್ಚು. ಮೂತ್ರ ನಿಂತು ಪೊಟ್ಯಾಶಿಯಂ ಏರಿದವರಿಗೆ ಅದು ವಿಷಕ್ಕೆ ಸಮ. ಬಸ್ಸಾರಿನದೂ ಅದೇ ಮಾತು. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿಗೆ ಅವುಗಳ ಪೊಟ್ಯಾಶಿಯಂನಲ್ಲಿ ದೊಡ್ಡ ಪಾಲು ಇಳಿದಿರುತ್ತದೆ. ಹೀಗಾಗಿ ಕಟ್ಟು ಬಿಟ್ಟು, ಬಸಿದ ಸೊಪ್ಪಿನ ಪಲ್ಯವನ್ನು ಮಿತವಾಗಿ ಕೊಡುವುದೇ ಮೇಲು. ಮಿಕ್ಕವರಿಗೆ ಸತ್ವವೆನಿಸಿದ್ದೇ ಈ ರೋಗಿಗೆ ಅಪಾಯ.

ಆದರೆ ಇಲಿಜ್ವರ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಗದ್ದೆಯ ಕೆಸರಿನಲ್ಲಿ ನಿಂತು ದುಡಿಯುವವರಿಗೆ, ಇಲಿಯ ಮೂತ್ರ ಬೆರೆತ ನೀರು ಕಾಲಿನ ಸೀಳುಗಳ ಮೂಲಕ ಒಳಹೊಕ್ಕು ಬರುವ ಈ ಜ್ವರದಲ್ಲಿ ಮೂತ್ರಪಿಂಡ ಕೆಟ್ಟರೂ ಅನೇಕರಿಗೆ ಮೂತ್ರ ಹೇರಳವಾಗಿಯೇ ಹೋಗುತ್ತಿರುತ್ತದೆ. ರೋಗಾಣು ನಾಳಿಕೆಯ ಮೊದಲ ಭಾಗಗಳಲ್ಲಿ ಸೋಡಿಯಂ ಹೀರುವುದನ್ನು ತಡೆಯುತ್ತದೆ. ಹೀರದೆ ಮುಂದಕ್ಕೆ ಹರಿದ ಸೋಡಿಯಂ ಕೊನೆಯ ಭಾಗದಲ್ಲಿ ಪೊಟ್ಯಾಶಿಯಮನ್ನು ಹೊರಕ್ಕೆಳೆಯುತ್ತದೆ. ಕ್ರಿಯಾಟಿನಿನ್ ನಾಲ್ಕೈದಕ್ಕೇರಿದ್ದರೂ ಪೊಟ್ಯಾಶಿಯಂ ಕೆಳಗಿರಬಹುದು, ಅದನ್ನು ತುಂಬಿಕೊಡಬೇಕಾಗಬಹುದು. ಒಂದೇ ವಾರ್ಡಿನ ಅಕ್ಕಪಕ್ಕದ ಹಾಸಿಗೆಗಳಲ್ಲಿ ಎಚ್.ಡಿ. ಕೋಟೆಯ ಹಾವು ಕಡಿತದವರೂ ಕೆ.ಆರ್. ನಗರದ ಇಲಿಜ್ವರದವರೂ ಮಲಗಿದ್ದರೆ ಒಬ್ಬರ ಪಥ್ಯ ಇನ್ನೊಬ್ಬರಿಗೆ ಹೊಂದುವುದಿಲ್ಲ. ರಕ್ತದ ವರದಿ ನೋಡದೆ ಪಥ್ಯ ಹೇಳುವುದು ತಪ್ಪು.

ಆಮ್ಲ, ನೀರು, ಉಪ್ಪು

ನಾವು ತಿಂದ ಪ್ರೋಟೀನಿನಿಂದ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು ಒಂದು ಮಿಲಿಮೋಲ್ ಆಮ್ಲ ಹುಟ್ಟುತ್ತದೆ. ಮೂತ್ರಪಿಂಡ ಅದನ್ನು ಅಮೋನಿಯಾದೊಂದಿಗೆ ಕಟ್ಟಿ ಹೊರಹಾಕುತ್ತದೆ, ಖರ್ಚಾದ ಬೈಕಾರ್ಬೊನೇಟನ್ನು ಮತ್ತೆ ತಯಾರಿಸಿ ರಕ್ತಕ್ಕೆ ಕೊಡುತ್ತದೆ. ಅದು ನಿಂತಾಗ ರಕ್ತ ಆಮ್ಲೀಯವಾಗುತ್ತದೆ. ಶ್ವಾಸಕೋಶ ಇಂಗಾಲದ ಡೈಆಕ್ಸೈಡನ್ನು ಹೊರಹಾಕಿ ಸರಿದೂಗಿಸಲು ಹೆಣಗುತ್ತದೆ. ರೋಗಿ ಓಡಿಬಂದವರಂತೆ ಆಳವಾಗಿ, ಬಿಡುವಿಲ್ಲದೆ ಉಸಿರೆಳೆಯುತ್ತಾರೆ. ಉಬ್ಬಸವೆಂದು ತಪ್ಪಾಗಿ ತಿಳಿಯುವುದುಂಟು. ಎದೆಯಲ್ಲಿ ಗೊರಗೊರ ಸದ್ದಿಲ್ಲದೆ ಉಸಿರು ಮಾತ್ರ ದೀರ್ಘವಾಗಿದ್ದರೆ ಅದು ಆಮ್ಲತೆಯ ಗುರುತು. ಆಘಾತದಿಂದ ಅಂಗಾಂಶಗಳಲ್ಲಿ ಹುಟ್ಟಿದ ಲ್ಯಾಕ್ಟಿಕ್ ಆಮ್ಲವೂ ಇದಕ್ಕೆ ಸೇರುತ್ತದೆ. ಅದನ್ನು ಯಕೃತ್ತಿನ ಜೊತೆ ಸೇರಿ ಗ್ಲೂಕೋಸಾಗಿ ಬದಲಿಸುತ್ತಿದ್ದುದೂ ಮೂತ್ರಪಿಂಡವೇ ತಾನೆ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಸಕ್ಕರೆ ರೋಗಿಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು; ವಾಂತಿಭೇದಿಯಾದ ದಿನ ಆ ಮಾತ್ರೆ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಇನ್ನು ಮೂತ್ರ ಕಟ್ಟಿದವರಿಗೆ ಒತ್ತಾಯದಿಂದ ನೀರು ಕುಡಿಸಿದರೆ ಸೋಡಿಯಂ ತೆಳುವಾಗಿ ಮಂಪರು, ಫಿಟ್ಸ್ ಬರಬಹುದು, ಶ್ವಾಸಕೋಶಕ್ಕೆ ನೀರು ಇಳಿಯಬಹುದು.

ಸಕ್ಕರೆಯ ಎರಡು ಮುಖ

ಹಸಿದ ಹೊತ್ತಿನಲ್ಲಿ ಹೊಸದಾಗಿ ಗ್ಲೂಕೋಸ್ ತಯಾರಿಸುವುದು ಯಕೃತ್ತಿನ ಕೆಲಸವೆಂದು ಓದಿದ್ದೇವೆ. ಮೂತ್ರಪಿಂಡವೂ ಅದರಲ್ಲಿ ಗಣನೀಯ ಪಾಲು ಹೊರುತ್ತದೆ. ದೇಹದಲ್ಲಿ ಹರಿಯುವ ಇನ್ಸುಲಿನ್ನಿನ ದೊಡ್ಡ ಭಾಗವನ್ನು ಒಡೆದು ತೆಗೆಯುವುದೂ ಅದೇ. ಹಾನಿಯಾದ ಕೂಡಲೇ ಎರಡು ವಿರುದ್ಧ ಎಳೆತಗಳು ಶುರುವಾಗುತ್ತವೆ. ಒಂದು ಕಡೆ ಸೋಂಕು, ಆಮ್ಲತೆ, ಒತ್ತಡದ ಹಾರ್ಮೋನುಗಳು ಸ್ನಾಯುವನ್ನು ಇನ್ಸುಲಿನ್ನಿಗೆ ಮಣಿಯದಂತೆ ಮಾಡುವುದರಿಂದ, ಹಿಂದೆಂದೂ ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ರಕ್ತದ ಸಕ್ಕರೆ ಏರುತ್ತದೆ. ಇನ್ನೊಂದು ಕಡೆ, ಮೊದಲೇ ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರಲ್ಲಿ ಔಷಧ ದೇಹ ಬಿಟ್ಟು ಹೋಗದೆ ಉಳಿದು, ನಡುರಾತ್ರಿ ಸಕ್ಕರೆ ದಿಢೀರನೆ ಕುಸಿಯುತ್ತದೆ. ಇನ್ಸುಲಿನ್ ಪ್ರಮಾಣವನ್ನು ಹಾಗಾಗಿಯೇ ತಗ್ಗಿಸುತ್ತಾರೆ.

ಕೊಳಕುಮಂಡಲದ ಕಡಿತದಲ್ಲಿ ಇನ್ನೊಂದು ಗುಟ್ಟಾದ ಕಾರಣವೂ ಇರಬಹುದು. ಮೂತ್ರಪಿಂಡ ಹಾನಿಯಾಗುವಷ್ಟು ವಿಷವೇರಿದ ಕೆಲವರಲ್ಲಿ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯಲ್ಲೂ ರಕ್ತಸ್ರಾವವಾಗಿ ಅದರ ಭಾಗ ಸಾಯುತ್ತದೆ. ಬರ್ಮಾ ಮತ್ತು ದಕ್ಷಿಣ ಭಾರತದ ವೈದ್ಯರು ಇದನ್ನು ದಾಖಲಿಸಿದ್ದಾರೆ. ಕಾರ್ಟಿಸಾಲ್ ಇಳಿದು ಸಕ್ಕರೆ, ಸೋಡಿಯಂ, ರಕ್ತದೊತ್ತಡ ಮೂರೂ ಬೀಳುತ್ತವೆ. ಕೆಲವರಲ್ಲಿ ಇದು ತಿಂಗಳು ವರ್ಷಗಳ ನಂತರ ಸುಸ್ತು, ಮುಟ್ಟು ನಿಲ್ಲುವುದು, ಮೈಕೂದಲು ಉದುರುವುದಾಗಿ ಕಾಣಿಸಿಕೊಳ್ಳುತ್ತದೆ. ಹಳೆಯ ಹಾವು ಕಡಿತದ ಮಾತನ್ನು ವೈದ್ಯರಿಗೆ ಹೇಳಲು ಯಾರಿಗೂ ನೆನಪಾಗುವುದಿಲ್ಲ.

ಕರಗುವ ಸ್ನಾಯು ಮತ್ತು ಗಂಜಿಯ ಪಥ್ಯ

ಪೊಟ್ಯಾಶಿಯಂ ಬೇಗ ಕೊಲ್ಲುತ್ತದೆ. ಸ್ನಾಯುವಿನ ಕರಗುವಿಕೆ ನಿಧಾನವಾಗಿ ಕೊಲ್ಲುತ್ತದೆ. ಆಮ್ಲತೆ, ಉರಿಯೂತ, ಇನ್ಸುಲಿನ್ನಿಗೆ ಮಣಿಯದಿರುವುದು, ಇವೆಲ್ಲ ಸೇರಿ ಸ್ನಾಯುಕೋಶದ ಪ್ರೋಟೀನನ್ನು ಗುರುತು ಹಚ್ಚಿ ಕತ್ತರಿಸುವ ಯುಬಿಕ್ವಿಟಿನ್–ಪ್ರೋಟಿಯಾಸೋಮ್ ವ್ಯವಸ್ಥೆಯನ್ನು ಚುರುಕುಗೊಳಿಸುತ್ತವೆ. ಬಿಡುಗಡೆಯಾದ ಅಮೈನೋ ಆಮ್ಲಗಳನ್ನು ಯಕೃತ್ತು ಯೂರಿಯಾ ಮಾಡುತ್ತದೆ. ಯೂರಿಯಾ ಹೊರಹೋಗದೆ ಉಳಿಯುತ್ತದೆ. ಡಯಾಲಿಸಿಸ್ ಬೇಕಾದಷ್ಟು ಕಾಯಿಲೆಯಾದವರು ದಿನಕ್ಕೆ ಕಿಲೋ ತೂಕಕ್ಕೆ ಸುಮಾರು ಒಂದೂವರೆ ಗ್ರಾಂ ಪ್ರೋಟೀನ್ ಕಳೆದುಕೊಳ್ಳಬಲ್ಲರು. 60 ಕಿಲೋ ವ್ಯಕ್ತಿಗೆ ಅದು 90 ಗ್ರಾಂ. ಸ್ನಾಯುವಿನ ಲೆಕ್ಕದಲ್ಲಿ ಅರ್ಧ ಕಿಲೋಗೆ ಹತ್ತಿರ, ದಿನವೂ. ಡಯಾಲಿಸಿಸ್ ಒಂದೊಂದು ಸಲವೂ ಮತ್ತೆ 6ರಿಂದ 10 ಗ್ರಾಂ ಅಮೈನೋ ಆಮ್ಲವನ್ನು, ನೀರಿನಲ್ಲಿ ಕರಗುವ ಜೀವಸತ್ವಗಳನ್ನು ಜೊತೆಗೊಯ್ಯುತ್ತದೆ. ಫಿನೈಲ್‌ಅಲನೀನಿನಿಂದ ಟೈರೋಸಿನ್, ಸಿಟ್ರುಲಿನ್‌ನಿಂದ ಆರ್ಜಿನಿನ್ ತಯಾರಾಗುವುದೂ ಮೂತ್ರಪಿಂಡದಲ್ಲಿ; ಆ ತಯಾರಿಕೆ ಕುಗ್ಗಿದಾಗ, ದೇಹ ತಾನೇ ಮಾಡಿಕೊಳ್ಳುತ್ತಿದ್ದುದನ್ನು ಆಹಾರದಿಂದ ತುಂಬಬೇಕಾಗುತ್ತದೆ.

ಇಂಥ ದೇಹಕ್ಕೆ ನಾವು ಕೊಡುವುದು ಏನು? ಅಕ್ಕಿಗಂಜಿ, ಬ್ರೆಡ್ಡು, ಸಪ್ಪೆ ಅನ್ನ. ‘ಕಿಡ್ನಿ ಹೋಗಿದೆ, ಬೇಳೆ ಮುಟ್ಟಬೇಡಿ, ಮೊಟ್ಟೆ ಬೇಡ’ ಎನ್ನುವ ಮಾತು ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯ ಪಥ್ಯದಿಂದ ಬಂದದ್ದು. ಹಠಾತ್ ಹಾನಿಗೆ ಅದನ್ನು ಹಾಗೇ ತಂದು ಹೊಂದಿಸುವುದು ತಪ್ಪು. ಡಯಾಲಿಸಿಸ್ ಮುಂದೂಡುವ ಆಸೆಯಿಂದ ಪ್ರೋಟೀನ್ ಕಡಿತ ಮಾಡಬಾರದೆಂದು 2012ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದೆ. ಅದರಂತೆ ದಿನಕ್ಕೆ ಕಿಲೋ ತೂಕಕ್ಕೆ 20ರಿಂದ 30 ಕಿಲೋಕ್ಯಾಲರಿ ಶಕ್ತಿ ಬೇಕು. ಡಯಾಲಿಸಿಸ್ ಇಲ್ಲದೆ, ಸ್ನಾಯು ಹೆಚ್ಚು ಕರಗದವರಿಗೆ 0.8ರಿಂದ 1 ಗ್ರಾಂ, ಡಯಾಲಿಸಿಸ್ ಮೇಲಿರುವವರಿಗೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಇದೆ. ಡಯಾಲಿಸಿಸ್ ಒಂದು ಸಲ ತೆಗೆದುಕೊಂಡದ್ದನ್ನು ತುಂಬಲು ಅಂಥ ಒಂದೆರಡು ಬೇಕು. ಬಾಯಿಂದ ತಿನ್ನಲಾಗದಿದ್ದರೆ ಮೂಗಿನ ನಳಿಕೆಯಿಂದ ಹೊಟ್ಟೆಗೆ ಕೊಡುವುದು ನರದೊಳಗೆ ಕೊಡುವುದಕ್ಕಿಂತ ಮೇಲು. ಹೊಟ್ಟೆ ಬರಿದಾಗಿ ಬಿದ್ದಿದ್ದರೆ ಕರುಳಿನ ಒಳಪದರ ಸೊರಗುತ್ತದೆ.

ಕೊಬ್ಬಿನ ವಿಷಯದಲ್ಲಿ ಬದಲಾವಣೆ ಇಷ್ಟು: ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವದ ಕೆಲಸ ತಗ್ಗಿ ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಎನ್ನಿಸಿಕೊಂಡದ್ದು ಇಳಿಯುತ್ತದೆ. ಫಾಸ್ಫೇಟ್ ಹೊರಹೋಗದೆ ಏರುತ್ತದೆ, ಚುರುಕು ಡಿ ಜೀವಸತ್ವ ಇಳಿಯುತ್ತದೆ, ಕ್ಯಾಲ್ಸಿಯಂ ಬೀಳುತ್ತದೆ. ಸ್ನಾಯು ಸತ್ತವರಲ್ಲಿ ಕ್ಯಾಲ್ಸಿಯಂ ಆ ಸತ್ತ ಸ್ನಾಯುವಿನಲ್ಲಿಯೇ ಹೋಗಿ ಕೂರುತ್ತದೆ, ಚೇತರಿಕೆಯ ವೇಳೆ ಅಲ್ಲಿಂದ ಮರಳಿ ಬಂದು ರಕ್ತದಲ್ಲಿ ವಿಪರೀತವಾಗುವುದೂ ಉಂಟು. ಆರಂಭದಲ್ಲಿ ಕ್ಯಾಲ್ಸಿಯಂ ಇಳಿದಿದೆ ಎಂದು ಲಕ್ಷಣಗಳಿಲ್ಲದೆ ಸುರಿಯದಿರುವುದು ಇದರಿಂದಲೇ.

ತಿಳಿವು ಬೆಳೆದ ದಾರಿ

1941ರಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಕಟ್ಟಡದ ಅವಶೇಷಗಳಡಿ ಕೈಕಾಲು ಜಜ್ಜಿಹೋದವರನ್ನು ನೋಡಿದ ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ ಒಂದು ವರದಿ ಬರೆದರು. ಹೊರತೆಗೆದಾಗ ಚೆನ್ನಾಗಿಯೇ ಇದ್ದವರು ಕಪ್ಪು ಮೂತ್ರ ಮಾಡಿ, ಮೂತ್ರ ನಿಂತು, ವಾರದ ಆಸುಪಾಸಿನಲ್ಲಿ ಸತ್ತರು. 1943ರಲ್ಲಿ ನೆದರ್ಲೆಂಡ್ಸಿನ ವಿಲ್ಲೆಮ್ ಕೋಲ್ಫ್ ದೇಶ ಜರ್ಮನ್ನರ ವಶದಲ್ಲಿದ್ದಾಗಲೇ ಸೆಲ್ಲೋಫೇನ್ ಕೊಳವೆ ಸುತ್ತಿದ ತಿರುಗುವ ಉರುಳೆಯಿಂದ ಡಯಾಲಿಸಿಸ್ ಯಂತ್ರ ಕಟ್ಟಿದ. 1945ರಲ್ಲಿ ಅದರಿಂದ ಮೊದಲ ರೋಗಿ ಬದುಕಿದಳು. ಆಕೆಗಿದ್ದದ್ದೂ ಹಠಾತ್ ಹಾನಿಯೇ. ಅಲ್ಲಿಂದ ಮುಂದೆ ಕಾಯಿಲೆಯನ್ನು ಅಳೆಯುವ ಒಮ್ಮತ ಹುಟ್ಟಲು 2004ರವರೆಗೆ ಕಾಯಬೇಕಾಯಿತು.

ಕರ್ನಾಟಕದಲ್ಲಿ ಇಂದು ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕಗಳಿವೆ. ಈ ಸೀಮೆಯವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಕೊನೆಯ ಆಸರೆ. ಎಚ್.ಡಿ. ಕೋಟೆ ಕಡೆಯ ಕಾಡಂಚಿನವರಿಗೆ, 1984ರಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಸರಗೂರಿನ ಆಸ್ಪತ್ರೆಯೂ ಇದೆ. ಆದರೂ ನನ್ನ ಅಭಿಪ್ರಾಯದಲ್ಲಿ ಹಾವು ಕಡಿತದ ಮೂತ್ರಪಿಂಡ ಉಳಿಯುವುದು ಡಯಾಲಿಸಿಸ್ ಯಂತ್ರದಿಂದಲ್ಲ, ಮೊದಲ ಗಂಟೆಗಳಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದಿನಿಂದ. ರಕ್ತದಲ್ಲಿ ಓಡಾಡುವ ವಿಷವನ್ನು ಅದು ಹಿಡಿಯುತ್ತದೆ. ನಾಳಿಕೆಯಲ್ಲಿ ಈಗಾಗಲೇ ಆಗಿಹೋದ ಹಾನಿಯನ್ನು ತಿದ್ದಲಾರದು. ಕಚ್ಚಿದ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕುಯ್ಯುವುದು, ನಾಟಿ ಔಷಧಿಗೆಂದು ಊರೂರು ಸುತ್ತುವುದು, ಈ ಮೂರೂ ಮೂತ್ರಪಿಂಡದ ಆಯಸ್ಸನ್ನೇ ತಿನ್ನುತ್ತವೆ. ಕಾಲನ್ನು ಅಲುಗಿಸದೆ, ನಡೆಸದೆ, 108 ಕರೆಸಿ ಹೊರಡಬೇಕು.

ಚೇತರಿಕೆಯಲ್ಲಿ ಮೂತ್ರ ಮತ್ತೆ ಶುರುವಾದಾಗ ಕೆಲವರಿಗೆ ದಿನಕ್ಕೆ ಹಲವು ಲೀಟರ್ ಹೋಗುತ್ತದೆ. ಹೊಸದಾಗಿ ಹುಟ್ಟಿದ ನಾಳಿಕೆಯ ಕೋಶಗಳಿಗೆ ಇನ್ನೂ ಹೀರುವ ಕಸುವು ಬಂದಿರುವುದಿಲ್ಲ. ನೀರು, ಸೋಡಿಯಂ, ಪೊಟ್ಯಾಶಿಯಂ ಸೋರಿಹೋಗಿ, ಮೊನ್ನೆಯವರೆಗೆ ಬೇಡವೆಂದ ಎಳನೀರೇ ಈಗ ಬೇಕಾಗಬಹುದು. ಅದನ್ನೂ ವರದಿ ನೋಡಿಯೇ ಹೇಳಬೇಕು. ಕ್ರಿಯಾಟಿನಿನ್ ಸಹಜಕ್ಕೆ ಬಂದ ಮೇಲೂ ಇವರಲ್ಲಿ ಮುಂದೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯ ಸಾಧ್ಯತೆ ಮಿಕ್ಕವರಿಗಿಂತ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಹೀಗಾಗಿ ಗುಣವಾಗಿದ್ದರೆ, ಮೂರು ತಿಂಗಳ ನಂತರ ಅವರನ್ನು ಕರೆದೊಯ್ದು ಕ್ರಿಯಾಟಿನಿನ್, ರಕ್ತದೊತ್ತಡ, ಮೂತ್ರದಲ್ಲಿನ ಪ್ರೋಟೀನ್ ಪರೀಕ್ಷೆ ಮಾಡಿಸಿ. ಬಿಡುಗಡೆಯ ಚೀಟಿಯನ್ನು ಜೋಪಾನವಾಗಿಡಿ. ಮುಂದೆ ಯಾವ ನೋವಿಗೆ ಮಾತ್ರೆ ಕೊಳ್ಳುವಾಗಲೂ ಅದನ್ನು ತೋರಿಸಿ.